ಹಟ ಹಿಡಿದ ಗಣಕವೂ ಮೂರು ಕೀಲಿಗಳೂ

"ಕಂಪ್ಯೂಟರ್ ಹ್ಯಾಂಗ್ ಆಗಿದೆ" ಎಂಬುದು ಈಗ ಕನ್ನಡದ ಮಾತೇ ಆಗಿಹೋಗಿದೆ. ಅದಕ್ಕೆ ನಿಘಂಟಿನಲ್ಲಿ ಬೇರೆ ಪದ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ತೆರೆಯ ಮೇಲಿನ ಬಾಣ ಅಲುಗದು, ಕೀಲಿ ಒತ್ತಿದರೆ ಅಕ್ಷರ ಮೂಡದು, ಒಳಗಿನ ಫ್ಯಾನು ಮಾತ್ರ ಏನೂ ಆಗಿಲ್ಲವೆಂಬಂತೆ ತಿರುಗುತ್ತಿರುತ್ತದೆ. ಆಗ ಮನೆಯಲ್ಲಿ ಯಾರಾದರೊಬ್ಬರು ಹೇಳುವ ಮದ್ದು ಒಂದೇ: "ಆಫ್ ಮಾಡಿ ಆನ್ ಮಾಡು." ಈ ಮದ್ದು ಬಹಳ ಸಲ ಕೆಲಸ ಮಾಡುತ್ತದೆ. ಅದು ಏಕೆ ಕೆಲಸ ಮಾಡುತ್ತದೆ, ಮಾಡಿದಾಗಲೂ ನಾವು ಕಳೆದುಕೊಳ್ಳುವುದು ಏನು, ಈ ಉಪಾಯವನ್ನು ಕೀಲಿಮಣೆಯ ಮೇಲೆ ತಂದಿಟ್ಟವರು ಯಾರು ಎಂಬುದಕ್ಕೆ ಒಂದು ಚರಿತ್ರೆಯೇ ಇದೆ. ರಾಜಮನೆತನಗಳ ಚರಿತ್ರೆಯಂತೆ ಇದು ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ಆದರೆ ನಾಳೆ ಒಪ್ಪಿಸಬೇಕಾದ ಪ್ರಬಂಧ ಕೊನೆಯ ಪುಟದಲ್ಲಿರುವಾಗ ತೆರೆ ಕಲ್ಲಾಗಿ ಕುಳಿತದ್ದನ್ನು ಕಂಡವರಿಗೆ ಇದು ತೀರ ಹತ್ತಿರದ ಚರಿತ್ರೆ.

ಗಣಕದ ದೋಷದ ಮಾತು ಬಂದಾಗಲೆಲ್ಲ ಒಂದು ಪತಂಗದ ಕಥೆಯನ್ನು ಹೇಳುವುದು ವಾಡಿಕೆ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್-2 ಎಂಬ ದೊಡ್ಡ ಗಣಕಯಂತ್ರ ತಪ್ಪು ಮಾಡತೊಡಗಿತು. ಹುಡುಕಿದಾಗ ಅದರ ಒಂದು ರಿಲೇಯೊಳಗೆ ಪತಂಗವೊಂದು ಸಿಕ್ಕಿಹಾಕಿಕೊಂಡು ಸತ್ತಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟುಪಟ್ಟಿಯಿಂದ ಅಂಟಿಸಿ, ನಿಜವಾದ ಹುಳು ಸಿಕ್ಕ ಮೊದಲ ಪ್ರಸಂಗ ಇದು ಎಂದು ತಮಾಷೆಯಾಗಿ ಬರೆದಿಟ್ಟರು. ಅಲ್ಲಿದ್ದ ಗ್ರೇಸ್ ಹಾಪರ್ ಎಂಬ ಗಣಿತಜ್ಞೆ ಮುಂದೆ ಈ ಕಥೆಯನ್ನು ಊರೂರಿನಲ್ಲಿ ಹೇಳಿ ಪ್ರಸಿದ್ಧಗೊಳಿಸಿದರು. ಇದರಿಂದಲೇ 'ಬಗ್' ಎಂಬ ಪದ ಹುಟ್ಟಿತೆಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಯಂತ್ರದ ದೋಷಕ್ಕೆ ಹುಳು ಎನ್ನುವ ರೂಢಿ 19ನೆಯ ಶತಮಾನದಲ್ಲೇ ಇತ್ತು. 1878ರಷ್ಟು ಹಿಂದೆಯೇ ಎಡಿಸನ್ ತನ್ನ ಪತ್ರದಲ್ಲಿ ಆ ಪದ ಬಳಸಿದ್ದಾನೆ. ಹಳೆಯ ಮಾತಿಗೆ ಸರಿಹೊಂದುವ ನಿಜವಾದ ಹುಳು ಸಿಕ್ಕಿತಲ್ಲ ಎಂಬುದರಲ್ಲಿಯೇ ಆ ತಮಾಷೆಯ ಸ್ವಾರಸ್ಯವಿದೆ. ಆ ಪುಟ ಇಂದಿಗೂ ಅಮೆರಿಕದ ರಾಷ್ಟ್ರೀಯ ಇತಿಹಾಸ ಸಂಗ್ರಹಾಲಯದಲ್ಲಿದೆ.

ಆ ಕಾಲದ ಗಣಕಗಳು ಕೆಟ್ಟರೆ ಸರಿಮಾಡಲು ಪಕ್ಕದಲ್ಲೇ ಇಂಜಿನಿಯರುಗಳು ಇರುತ್ತಿದ್ದರು. ನಮ್ಮ ದೇಶದಲ್ಲಿಯೂ ಹಾಗೆಯೇ. 1978ರಲ್ಲಿ ಐ.ಬಿ.ಎಂ. ಕಂಪನಿ ಭಾರತವನ್ನು ಬಿಟ್ಟು ಹೋದಾಗ, ಅದು ಇಲ್ಲಿ ಉಳಿಸಿಹೋದ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ ಸರ್ಕಾರಿ ಸಂಸ್ಥೆಯೊಂದರ ಮೇಲೆ ಬಿತ್ತು. ಅದರ ಹೆಸರು ಸಿ.ಎಂ.ಸಿ.; ಆ ಅಕ್ಷರಗಳ ಮೂಲ ಅರ್ಥವೇ ಗಣಕ ನಿರ್ವಹಣೆಯ ನಿಗಮ. ರಿಪೇರಿ ಎಂಬುದು ಒಂದು ನಿಗಮದ ಹೆಸರಾಗುವಷ್ಟು ದೊಡ್ಡ ಕೆಲಸವಾಗಿತ್ತೆಂಬುದನ್ನು ಗಮನಿಸಬೇಕು. ಗಣಕ ಮನೆಯೊಳಕ್ಕೆ ಬಂದಾಗ ನಿಗಮವೂ ಇಲ್ಲ, ಇಂಜಿನಿಯರೂ ಇಲ್ಲ. ಅಪ್ಪ, ಮಗಳು, ಪಕ್ಕದ ಮನೆಯ ಕಾಲೇಜು ಹುಡುಗ, ಇವರೇ ವೈದ್ಯರು.

ಮನೆಯ ಗಣಕಗಳು ಮೊದಲು ಹರಡಿದ್ದು 1977ರಿಂದ ಈಚೆಗೆ, ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ. ಅವು ಹಟ ಹಿಡಿದಾಗ ಎಬ್ಬಿಸುವ ಬಗೆಯನ್ನು ಒಂದೊಂದು ತಯಾರಕರೂ ಒಂದೊಂದು ರೀತಿ ಯೋಚಿಸಿದ್ದರು. ಆಪಲ್-2 ಗಣಕದಲ್ಲಿ 'ರೀಸೆಟ್' ಕೀಲಿ 'ರಿಟರ್ನ್' ಕೀಲಿಯ ನೆತ್ತಿಯ ಮೇಲೆಯೇ ಕುಳಿತಿತ್ತು. ಸಾಲು ಮುಗಿಸಲು ಹೋದ ಬೆರಳು ಒಂದಿಷ್ಟು ಮೇಲೆ ಜಾರಿದರೆ ಮಾಡಿದ ಕೆಲಸವೆಲ್ಲ ಹೋಯಿತು! ಕೆಲವರು ಆ ಕೀಲಿಯ ಕೆಳಗೆ ರಬ್ಬರಿನ ಬಳೆ ಸೇರಿಸಿ ಅದನ್ನು ಗಟ್ಟಿಮಾಡಿಕೊಂಡರು. ಕಂಪನಿ ಮುಂದಿನ ಯಂತ್ರಗಳಲ್ಲಿ 'ಕಂಟ್ರೋಲ್' ಕೀಲಿಯನ್ನು ಜೊತೆಗೆ ಒತ್ತಿದರೆ ಮಾತ್ರ ರೀಸೆಟ್ ಆಗುವಂತೆ ಮಾಡಿತು. ಬ್ರಿಟನ್ನಿನ ಸಿಂಕ್ಲೇರ್ ಜೆಡ್‌ಎಕ್ಸ್-81 ಇನ್ನೊಂದು ತೆರನಾದದ್ದು. 1981ರಲ್ಲಿ ಜೋಡಿಸಿದ ಯಂತ್ರಕ್ಕೆ 70 ಪೌಂಡಿಗೂ ಐದು ಪೆನ್ನಿ ಕಡಿಮೆ ಬೆಲೆ, ಒಳಗೆ ಒಂದೇ ಕಿಲೋಬೈಟ್ ಸ್ಮರಣಕೋಶ, ಅಂದರೆ ಮೆಮೊರಿ. ಹೆಚ್ಚು ಬೇಕಾದವರು 16 ಕಿಲೋಬೈಟಿನ ಪೆಟ್ಟಿಗೆಯನ್ನು ಹಿಂದುಗಡೆ ಸಿಕ್ಕಿಸಿಕೊಳ್ಳಬೇಕಾಗಿತ್ತು. ಅದು ಸಡಿಲವಾಗಿ ಅಲುಗಾಡುತ್ತಿತ್ತು. ಕೀಲಿಯನ್ನು ಸ್ವಲ್ಪ ಜೋರಾಗಿ ಒತ್ತಿದರೂ ಸಂಪರ್ಕ ತಪ್ಪಿ ಯಂತ್ರ ಸ್ತಬ್ಧವಾಗುತ್ತಿತ್ತು. ಅದನ್ನು ಅಂಟು, ಟೇಪು, ಮೇಣದಂಥ ಜಿಗುಟು ವಸ್ತುಗಳಿಂದ ಹಿಡಿದು ನಿಲ್ಲಿಸಿದ ಹುಡುಗರು ಆ ದೇಶದಲ್ಲಿ ಮುಂದೆ ದೊಡ್ಡ ದೊಡ್ಡ ತಂತ್ರಾಂಶಗಳನ್ನು ಬರೆದರು.

ಭಾರತದ ವಿದ್ಯಾರ್ಥಿಗಳಿಗೆ ಮೊದಲು ಪರಿಚಯವಾದ ಶಾಲಾ ಗಣಕವೂ ಬ್ರಿಟನ್ನಿನದೇ. ಬಿ.ಬಿ.ಸಿ. ದೂರದರ್ಶನವು 1982ರ ಆರಂಭದಲ್ಲಿ ಗಣಕ ಶಿಕ್ಷಣದ ಸರಣಿಯೊಂದನ್ನು ಪ್ರಸಾರ ಮಾಡಿತು. ಅದಕ್ಕೆ ಜೊತೆಯಾಗಿ ಕೇಂಬ್ರಿಜ್‌ನ ಏಕಾರ್ನ್ ಕಂಪನಿ ತಯಾರಿಸಿದ ಯಂತ್ರವೇ ಬಿ.ಬಿ.ಸಿ. ಮೈಕ್ರೋ. 1984ರಲ್ಲಿ ನಮ್ಮ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ, ಮೊದಲ ಹಂತದಲ್ಲಿ ಸುಮಾರು 250 ಶಾಲೆಗಳಿಗೆ ಈ ಯಂತ್ರವನ್ನೇ ಹಂಚಿತು. ಈ ಯಂತ್ರದ ಬಲಮೂಲೆಯಲ್ಲಿ 'ಬ್ರೇಕ್' ಎಂಬ ಕೀಲಿ ಇತ್ತು. ಒತ್ತಿದ ಕೂಡಲೇ ಎಲ್ಲ ನಿಂತು, ಯಂತ್ರ ಆಗತಾನೆ ಚಾಲೂ ಆದಂತೆ ಕಾಣುತ್ತಿತ್ತು. ಬರೆದ ಪ್ರೋಗ್ರಾಂ ಹೋಯಿತೆಂದು ಕಣ್ಣೀರು ಹಾಕಬೇಕಾಗಿರಲಿಲ್ಲ. 'ಓಲ್ಡ್' ಎಂದು ಟೈಪು ಮಾಡಿದರೆ ಸಾಮಾನ್ಯವಾಗಿ ಅದು ಮರಳಿ ಬರುತ್ತಿತ್ತು. ಏಕೆಂದರೆ ಬ್ರೇಕ್ ಕೀಲಿ ಸ್ಮರಣಕೋಶವನ್ನು ಅಳಿಸುತ್ತಿರಲಿಲ್ಲ. ಇಲ್ಲಿ ಪ್ರೋಗ್ರಾಂ ಇದೆ ಎಂಬ ಗುರುತನ್ನಷ್ಟೇ ತೆಗೆಯುತ್ತಿತ್ತು. ಗುರುತನ್ನು ಮತ್ತೆ ನೆಟ್ಟರೆ ಸರಕು ಅಲ್ಲಿಯೇ! ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಯಂತ್ರ ಹೇಗಿರಬೇಕೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ ಎಂದು ನನಗೆ ಅನ್ನಿಸುತ್ತದೆ. ಆಮೇಲೆ ಬಂದ ಎಷ್ಟೋ ಶಕ್ತಿವಂತ ಗಣಕಗಳಿಗೆ ಈ ಕರುಣೆ ಇರಲಿಲ್ಲ.

ಈಗ ಮೂರು ಕೀಲಿಗಳ ಕಥೆಗೆ ಬರೋಣ. ಐ.ಬಿ.ಎಂ. ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿದ್ದು 1981ರ ಆಗಸ್ಟ್ 12ರಂದು. ಫ್ಲಾರಿಡಾ ರಾಜ್ಯದ ಬೋಕಾ ರೇಟನ್ ಎಂಬ ಊರಿನಲ್ಲಿ ಚಿಕ್ಕ ತಂಡವೊಂದು ಸುಮಾರು ಒಂದೇ ವರ್ಷದಲ್ಲಿ ಅದನ್ನು ರೂಪಿಸಿತ್ತು. ಆ ತಂಡದ ಮೊದಲ ಹನ್ನೆರಡು ಇಂಜಿನಿಯರುಗಳಲ್ಲಿ ಡೇವಿಡ್ ಬ್ರಾಡ್ಲಿ ಒಬ್ಬರು. ಅರ್ಧ ಬೆಂದ ತಂತ್ರಾಂಶವನ್ನು ಅರ್ಧ ಬೆಂದ ಯಂತ್ರಾಂಶದ ಮೇಲೆ ಓಡಿಸುವ ಕೆಲಸ ಅವರದು. ಗಣಕ ಪದೇ ಪದೇ ಸ್ತಬ್ಧವಾಗುತ್ತಿತ್ತು. ಪ್ರತಿ ಸಲವೂ ವಿದ್ಯುತ್ತು ತೆಗೆದು ಹಾಕಿದರೆ ಅದು ತನ್ನ ಸ್ಮರಣಕೋಶವನ್ನೆಲ್ಲ ಮೊದಲಿನಿಂದ ಪರೀಕ್ಷಿಸಿಕೊಂಡೇ ಏಳುತ್ತಿತ್ತು. ಕಾದು ಕಾದು ಬೇಸತ್ತ ಬ್ರಾಡ್ಲಿಯವರು ಆ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಏಳುವ ಒಂದು ಅಡ್ಡದಾರಿಯನ್ನು ಮಾಡಿದರು. ಅದನ್ನು ಬರೆಯಲು ಅವರಿಗೆ ಹಿಡಿದದ್ದು ಕೆಲವೇ ನಿಮಿಷ.

ಮೊದಲು ಅವರು ಆರಿಸಿದ್ದು ಕಂಟ್ರೋಲ್, ಆಲ್ಟ್, ಎಸ್ಕೇಪ್ ಎಂಬ ಕೀಲಿಗಳನ್ನು. ಮೂರೂ ಎಡಗಡೆಗಿದ್ದವು, ಎಡಗೈ ತಪ್ಪಿ ಬಿದ್ದರೆ ಕೆಲಸ ಕೆಡುವ ಸಂಭವವಿತ್ತು. ತಂಡದ ಮೆಲ್ ಹಾಲರ್‌ಮನ್ ಅವರ ಸೂಚನೆಯಂತೆ ಎಸ್ಕೇಪಿನ ಬದಲು ಬಲಗಡೆಯ ಕೆಳಮೂಲೆಯ ಡಿಲೀಟ್ ಬಂತು. ಆ ಕೀಲಿಮಣೆಯಲ್ಲಿ ಕಂಟ್ರೋಲ್, ಆಲ್ಟ್ ಎರಡೂ ಎಡಗಡೆ ಮಾತ್ರ ಇದ್ದುದರಿಂದ ಈ ಮೂರನ್ನು ಒಟ್ಟಿಗೆ ಒತ್ತಲು ಎರಡು ಕೈಗಳೂ ಬೇಕಾದವು. ಬೇಕೆಂದೇ ಮಾಡಿದರೆ ಮಾತ್ರ ಆಗಬೇಕು ಎಂಬುದೇ ಉದ್ದೇಶ. (1986ರ ಸುಮಾರಿಗೆ ಬಂದ 101 ಕೀಲಿಗಳ ಮಣೆಯಲ್ಲಿ ಬಲಗಡೆಗೂ ಕಂಟ್ರೋಲ್, ಆಲ್ಟ್ ಬಂದವು. ಅಲ್ಲಿಗೆ ಒಂದೇ ಕೈ ಸಾಕಾಯಿತು. ಹಿಂದಿನವರು ಇಟ್ಟ ಬೇಲಿ ಏಕಿತ್ತೆಂದು ಕೇಳದೆ ಗೇಟು ತೆರೆಯುವುದು ತಂತ್ರಜ್ಞಾನದಲ್ಲಿ ಹೊಸದೇನಲ್ಲ.) ಇದು ತಂಡದ ಒಳಬಳಕೆಗೆಂದು ಮಾಡಿದ್ದು. ಕೈಪಿಡಿಯಲ್ಲಿ ಸೇರಿಕೊಂಡಿತು, ಬಳಕೆದಾರರ ಬೆರಳಿಗೆ ಹತ್ತಿತು, ಮತ್ತೆ ಬಿಡಲಿಲ್ಲ. ಆ ಗಣಕದಲ್ಲಿ ಬೇರೆ ರೀಸೆಟ್ ಗುಂಡಿಯೇ ಇರಲಿಲ್ಲವೆಂಬುದೂ ಒಂದು ಕಾರಣ. ಪೆಟ್ಟಿಗೆಯ ಬಲ ಪಕ್ಕದಲ್ಲಿ ದೊಡ್ಡದೊಂದು ಕೆಂಪು ವಿದ್ಯುತ್ ಸ್ವಿಚ್ಚು ಇತ್ತು, ಅಷ್ಟೆ.

ಒಳಗೆ ನಡೆಯುವುದು ಹೀಗೆ. ಕೀಲಿಯೊಂದನ್ನು ಒತ್ತಿದಾಗ ಕೀಲಿಮಣೆ ಪ್ರೊಸೆಸರಿನ ಗಮನವನ್ನು ಸೆಳೆಯುತ್ತದೆ. ಪ್ರೊಸೆಸರ್ ತಾನು ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು, ಕೀಲಿಗಳ ಲೆಕ್ಕ ನೋಡುವ ಪುಟ್ಟ ಪ್ರೋಗ್ರಾಮಿಗೆ ಹೋಗಿ ಬರುತ್ತದೆ. ಆ ಪುಟ್ಟ ಪ್ರೋಗ್ರಾಂ ಮೂರು ಕೀಲಿಗಳನ್ನು ಒಟ್ಟಿಗೆ ಕಂಡರೆ ಸ್ಮರಣಕೋಶದ ಒಂದು ಗೊತ್ತಾದ ಜಾಗದಲ್ಲಿ 1234 ಎಂಬ ಸಂಖ್ಯೆಯನ್ನು ಬರೆದು ಗಣಕವನ್ನು ಆರಂಭದ ಬಾಗಿಲಿಗೆ ಕಳಿಸುತ್ತದೆ. ಬಾಗಿಲಲ್ಲಿ ಆ ಸಂಖ್ಯೆ ಕಂಡರೆ ಪರೀಕ್ಷೆ ಬೇಡ, ಒಳಗೆ ಬಿಡು ಎಂದರ್ಥ. ಆದರೆ ಎಲ್ಲಿಗೆ ಹೋಗಬೇಕೆಂಬ ವಿಳಾಸಗಳ ಪಟ್ಟಿ ಇದ್ದುದು ಸ್ಮರಣಕೋಶದ ಮೊಟ್ಟಮೊದಲ 1024 ಬೈಟುಗಳಲ್ಲಿ. ಕೆಟ್ಟ ಪ್ರೋಗ್ರಾಂ ಯಾವುದಾದರೂ ಅದರ ಮೇಲೆ ಗೀಚಿಬಿಟ್ಟರೆ ಮೂರು ಕೀಲಿಗಳ ಕೂಗೂ ಕೇಳುವುದಿಲ್ಲ. ಆಗ ಕೆಂಪು ಸ್ವಿಚ್ಚೇ ಗತಿ.

ಗೀಚಲು ಬಿಟ್ಟವರು ಯಾರು ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಒಂದು ಪ್ರೋಗ್ರಾಂ ಮತ್ತೊಂದರ ಜಾಗಕ್ಕೆ ಕೈಹಾಕದಂತೆ ಬೇಲಿ ಕಟ್ಟುವ ವಿದ್ಯೆ ದೊಡ್ಡ ಗಣಕಗಳಲ್ಲಿ 1960ರ ದಶಕದಲ್ಲಿಯೇ ಇತ್ತು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದುದರಿಂದ ಅಲ್ಲಿ ಬೇಲಿ ಅನಿವಾರ್ಯ. ಮನೆಯ ಗಣಕಕ್ಕೆ ಒಬ್ಬನೇ ಒಡೆಯ, ಒಂದು ಹೊತ್ತಿಗೆ ಒಂದೇ ಕೆಲಸ. ಬೇಲಿಗೆ ಏಕೆ ದುಡ್ಡು ಸುರಿಯಬೇಕೆಂದು ಅದನ್ನು ಬಿಟ್ಟರು. ಐ.ಬಿ.ಎಂ. ಆರಿಸಿಕೊಂಡ ಇಂಟೆಲ್ 8088 ಪ್ರೊಸೆಸರಿನಲ್ಲಿ ಬೇಲಿಯ ಅನುಕೂಲವೇ ಇರಲಿಲ್ಲ. 1984ರ ಮೆಕಿಂಟೋಷ್ ಗಣಕದಲ್ಲಿಯೂ ಇರಲಿಲ್ಲ. ಅದು ಕೆಟ್ಟಾಗ ಉರಿಯುವ ಬತ್ತಿಯ ಬಾಂಬಿನ ಚಿತ್ರ ತೋರಿಸುತ್ತಿತ್ತು. ಅಗ್ಗದ ಯಂತ್ರ ಮನೆಮನೆಗೆ ಬಂದದ್ದು ಈ ಉಳಿತಾಯದಿಂದ. ಎರಡು ದಶಕಗಳ ಕಾಲ ಮನೆಮನೆಯಲ್ಲೂ ಕೆಲಸ ಕೆಟ್ಟದ್ದೂ ಇದರಿಂದಲೇ.

ಒಂದು ಹೊತ್ತಿಗೆ ಒಂದೇ ಕೆಲಸ ಎಂಬ ಲೆಕ್ಕಾಚಾರ ಬೇಗನೆ ತಪ್ಪಿತು. 1990ರಲ್ಲಿ ಮೈಕ್ರೋಸಾಫ್ಟಿನ ವಿಂಡೋಸ್ 3.0 ಬಂದಾಗ ಪತ್ರ ಬರೆಯುವ ಪ್ರೋಗ್ರಾಂ, ಲೆಕ್ಕದ ಪ್ರೋಗ್ರಾಂ ಅಕ್ಕಪಕ್ಕದಲ್ಲಿ ಓಡತೊಡಗಿದವು. ಆದರೆ ಅವು ಸರದಿಯನ್ನು ಪರಸ್ಪರ ಸೌಜನ್ಯದಿಂದ ಹಂಚಿಕೊಳ್ಳಬೇಕಾಗಿತ್ತು. ನಮ್ಮ ಸಭೆಗಳನ್ನೇ ನೆನಪಿಸಿಕೊಳ್ಳಿ. ಮೈಕು ಹಿಡಿದ ಭಾಷಣಕಾರರು ತಾವಾಗಿ ಬಿಟ್ಟುಕೊಟ್ಟರೆ ಮಾತ್ರ ಮುಂದಿನವರಿಗೆ ಅವಕಾಶ. ಬಿಡದಿದ್ದರೆ ವೇದಿಕೆಯ ಮೇಲಿದ್ದವರೆಲ್ಲ ಕೈಕಟ್ಟಿ ಕೂರಬೇಕು. ಒಂದು ಪ್ರೋಗ್ರಾಂ ಮೈಕು ಬಿಡದಿದ್ದರೆ ಇಡೀ ಗಣಕ ಸ್ತಬ್ಧ. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರಲ್ಲಿ ಗಂಟೆ ಬಾರಿಸಿ ಮೈಕು ಕಸಿದುಕೊಳ್ಳುವ ಅಧ್ಯಕ್ಷರು ಬಂದರು. ಆದರೂ ಹಳೆಯ ಪ್ರೋಗ್ರಾಮುಗಳಿಗೆ ಹಳೆಯ ಸಲಿಗೆ ಹಾಗೆಯೇ ಉಳಿಯಿತು. ಈ ವಿಂಡೋಸಿನಲ್ಲಿ ಮೂರು ಕೀಲಿಗಳ ಅರ್ಥವೂ ಬದಲಾಯಿತು. ಮೊದಲ ಸಲ ಒತ್ತಿದರೆ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ಬರುತ್ತಿತ್ತು. ಸೊಕ್ಕಿದ್ದನ್ನು ಆರಿಸಿ ಅದೊಂದನ್ನೇ ಮುಚ್ಚಬಹುದಾಗಿತ್ತು. ಮತ್ತೆ ಒತ್ತಿದರೆ ಮಾತ್ರ ಗಣಕ ಮರಳಿ ಆರಂಭವಾಗುತ್ತಿತ್ತು. ಅತ್ತ ವಿಂಡೋಸ್ ಎನ್‌ಟಿಯಲ್ಲಿ 1993ರಿಂದಲೇ ಇದೇ ಮೂರು ಕೀಲಿ ಒಳಪ್ರವೇಶದ ಕೀಲಿಯಾಗಿತ್ತು. ಯಾವ ಸಾಮಾನ್ಯ ಪ್ರೋಗ್ರಾಮೂ ಇದನ್ನು ನಡುವೆ ತಡೆದು ಕದಿಯಲಾರದಾದ್ದರಿಂದ, ಸುಳ್ಳು ತೆರೆ ತೋರಿಸಿ ಗುಪ್ತಪದ ಕದಿಯುವವರ ಆಟ ನಡೆಯದೆಂಬುದು ಅದರ ಹಿಂದಿನ ಲೆಕ್ಕ.

1990ರಲ್ಲಿ ಭಾರತದಲ್ಲಿ ಪತ್ತೆಯಾದ ಒಂದು ವೈರಸ್ಸನ್ನು ಇಲ್ಲಿ ನೆನೆಯಲೇಬೇಕು. ಅದರ ಹೆಸರು 'ಜೋಶಿ'. ಫ್ಲಾಪಿ ಬಿಲ್ಲೆಗಳ ಮೂಲಕ ಹರಡುತ್ತಿದ್ದ ಇದು ವರ್ಷವಿಡೀ ಸುಮ್ಮನಿದ್ದು, ಜನವರಿ 5ರಂದು ಗಣಕವನ್ನು ನಿಲ್ಲಿಸಿ, ಜೋಶಿಗೆ ಹುಟ್ಟುಹಬ್ಬದ ಶುಭಾಶಯವನ್ನು ಇಂಗ್ಲಿಷಿನಲ್ಲಿ ಟೈಪು ಮಾಡುವಂತೆ ಕೇಳುತ್ತಿತ್ತು. ಟೈಪು ಮಾಡಿದರೆ ಬಿಡುತ್ತಿತ್ತು! ನಗು ಬರಬಹುದು, ಆದರೆ ಅದರ ಇನ್ನೊಂದು ಗುಣ ನಗುವಂಥದಲ್ಲ. ಮೂರು ಕೀಲಿಗಳನ್ನು ಒತ್ತಿ ಎಬ್ಬಿಸಿದರೆ ಅದು ಸಾಯದೆ ಸ್ಮರಣಕೋಶದಲ್ಲಿ ಉಳಿದುಕೊಳ್ಳುತ್ತಿತ್ತು. ಅದಕ್ಕೇ ಆ ಕಾಲದ ಗಣಕ ಶಿಕ್ಷಕರು ವಿದ್ಯುತ್ತನ್ನು ಪೂರ್ತಿ ತೆಗೆದು, ಬರೆಯದಂತೆ ಮುಚ್ಚಿದ ಶುದ್ಧ ಫ್ಲಾಪಿಯಿಂದ ಆರಂಭಿಸಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಬಿಸಿಯಾಗಿ ಏಳಿಸುವುದಕ್ಕೂ ತಣ್ಣಗೆ ಏಳಿಸುವುದಕ್ಕೂ ಇರುವ ವ್ಯತ್ಯಾಸ ಇದು. ವಿದ್ಯುತ್ತು ಹೋದರೆ ಸ್ಮರಣಕೋಶ ಖಾಲಿ. ಅದರೊಳಗಿನ ಪಾಪವೂ ಹೋಗುತ್ತದೆ, ಪುಣ್ಯವೂ ಹೋಗುತ್ತದೆ.

'ಆಫ್ ಮಾಡಿ ಆನ್ ಮಾಡು' ಫಲಿಸುವ ಗುಟ್ಟೂ ಇದೇ. ಗಂಟೆಗಟ್ಟಲೆ ಓಡಿದ ಗಣಕದಲ್ಲಿ ಸಣ್ಣ ಸಣ್ಣ ತಪ್ಪುಗಳು ಕೂಡುತ್ತ ಹೋಗುತ್ತವೆ. ಒಂದು ಪ್ರೋಗ್ರಾಂ ಪಡೆದ ಜಾಗವನ್ನು ಹಿಂದಿರುಗಿಸಿರುವುದಿಲ್ಲ. ಎರಡು ಪ್ರೋಗ್ರಾಮುಗಳು ಒಂದರ ದಾರಿ ಒಂದು ಕಾಯುತ್ತ ನಿಂತಿರುತ್ತವೆ. ಮರಳಿ ಆರಂಭಿಸಿದರೆ ಎಲ್ಲವೂ ಪರೀಕ್ಷಿಸಿದ ಒಂದು ಗೊತ್ತಾದ ಸ್ಥಿತಿಗೆ ಬರುತ್ತದೆ. ಇದು ಸೋಮಾರಿಯ ಉಪಾಯವಲ್ಲ. 1969ರ ಜುಲೈ 20ರಂದು ಅಪೊಲೊ-11ರ ನೌಕೆ ಚಂದ್ರನ ಮೇಲೆ ಇಳಿಯುತ್ತಿದ್ದಾಗ ಅದರ ಗಣಕ ಹೊರಲಾರದ ಕೆಲಸದಿಂದ 1202 ಎಂಬ ಎಚ್ಚರಿಕೆ ನೀಡಿತು. ನೆಲ ಹತ್ತಿರವಾಗುತ್ತಿದ್ದ ಆ ನಿಮಿಷಗಳಲ್ಲಿ ಅದು ಹಲವು ಸಲ ತನ್ನನ್ನು ತಾನೇ ಮರಳಿ ಆರಂಭಿಸಿಕೊಂಡಿತು. ಪ್ರತಿ ಸಲವೂ ಮುಖ್ಯವಲ್ಲದ ಕೆಲಸಗಳನ್ನು ಕೆಳಗಿಳಿಸಿ, ನೌಕೆಯನ್ನು ಇಳಿಸುವ ಕೆಲಸವನ್ನು ಮಾತ್ರ ಬಿಟ್ಟಲ್ಲಿಂದ ಹಿಡಿಯಿತು. ಹಾಗೆ ಮಾಡುವಂತೆಯೇ ಎಂ.ಐ.ಟಿ.ಯ ತಂತ್ರಜ್ಞರು ಅದನ್ನು ಬರೆದಿದ್ದರು. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕೆಂಬ ವಿವೇಕ ಆ ಗಣಕಕ್ಕಿತ್ತು. ಮನೆಯ ಗಣಕಕ್ಕೆ ಅಂಥ ವಿವೇಕ ಬರಲು ಬಹಳ ವರ್ಷ ಬೇಕಾಯಿತು.

ನೀಲಿ ತೆರೆಯ ಬಗ್ಗೆ ಒಂದು ಮಾತು. ವಿಂಡೋಸ್ ತೀರ ಕೆಟ್ಟಾಗ ತೋರಿಸುತ್ತಿದ್ದ, ಅಂಕೆಗಳಿಂದ ತುಂಬಿದ ಆ ನೀಲಿ ತೆರೆಯನ್ನು ಜನ ಬೈದದ್ದಕ್ಕೆ ಲೆಕ್ಕವಿಲ್ಲ. 1998ರ ಏಪ್ರಿಲ್ 20ರಂದು ಷಿಕಾಗೋದ ಪ್ರದರ್ಶನದಲ್ಲಿ ವಿಂಡೋಸ್ 98ನ್ನು ತೋರಿಸುವಾಗ, ಸ್ಕ್ಯಾನರ್ ಒಂದನ್ನು ಜೋಡಿಸಿದ ಕೂಡಲೇ ಬಿಲ್ ಗೇಟ್ಸ್ ಎದುರಿನಲ್ಲಿಯೇ ಆ ತೆರೆ ಬಂತು. ಇದಕ್ಕೇ ಇರಬೇಕು ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ ಎಂದು ಅವರು ನಗುತ್ತ ಹೇಳಿದರು. 2001ರಲ್ಲಿ ಐ.ಬಿ.ಎಂ. ಗಣಕದ ಇಪ್ಪತ್ತನೆಯ ವರ್ಷದ ಸಮಾರಂಭದಲ್ಲಿ ಬ್ರಾಡ್ಲಿಯವರು ಗೇಟ್ಸ್ ಪಕ್ಕದಲ್ಲಿಯೇ ಕುಳಿತು, ಮೂರು ಕೀಲಿಗಳನ್ನು ಕಂಡುಹಿಡಿದದ್ದು ನಾನಾದರೂ ಪ್ರಸಿದ್ಧಿಗೆ ತಂದವರು ಬಿಲ್ ಎಂದಾಗ ಸಭೆ ಗೊಳ್ಳೆಂದಿತು. ಇಷ್ಟೆಲ್ಲ ಹಾಸ್ಯದ ನಡುವೆ ಆ ತೆರೆಯ ಸದ್ಗುಣ ಮರೆತುಹೋಗಿದೆ. ಅದು ಯಂತ್ರ ತಾನಾಗಿ ನಿಲ್ಲುವ ಬಗೆ. ನನ್ನೊಳಗಿನ ಲೆಕ್ಕ ತಪ್ಪಿದೆ, ಇನ್ನು ಮುಂದುವರಿದರೆ ಬಿಲ್ಲೆಯ ಮೇಲೆ ಸುಳ್ಳು ಬರೆದೇನು ಎಂದು ಅದು ಅಲ್ಲಿಗೇ ಕೈಚೆಲ್ಲುತ್ತದೆ. 1981ರ ಐ.ಬಿ.ಎಂ. ಗಣಕವೂ ಪ್ರತಿ ಎಂಟು ಬಿಟ್ಟುಗಳಿಗೆ ಒಂಬತ್ತನೆಯದೊಂದು ಸಾಕ್ಷಿ ಬಿಟ್ಟನ್ನು ಇಟ್ಟುಕೊಂಡು, ಲೆಕ್ಕ ತಾಳೆಯಾಗದಿದ್ದರೆ ಒಂದು ಸಾಲಿನ ಸಂದೇಶ ತೋರಿಸಿ ನಿಂತುಬಿಡುತ್ತಿತ್ತು. ತಪ್ಪು ಲೆಕ್ಕವನ್ನು ಸರಿಯೆಂದು ಕೊಡುವ ಯಂತ್ರಕ್ಕಿಂತ ನಿಂತ ಯಂತ್ರ ಮೇಲು. 2025ರಲ್ಲಿ ಮೈಕ್ರೋಸಾಫ್ಟ್ ಆ ನೀಲಿ ತೆರೆಯನ್ನು ಕಪ್ಪಾಗಿಸುವುದಾಗಿ ಪ್ರಕಟಿಸಿತು. ಬಣ್ಣ ಬದಲಾದರೂ ಅದರ ಕೆಲಸ ಅದೇ.

ಇನ್ನೊಂದು ದೋಷವಂತೂ ಗಣಿತದ ವಿದ್ಯಾರ್ಥಿಗಳಿಗೆ ರುಚಿಸುವಂಥದು. ವಿಂಡೋಸ್ 95 ಮತ್ತು 98 ಆರಂಭವಾದಾಗಿನಿಂದ ಎಷ್ಟು ಮಿಲಿಸೆಕೆಂಡುಗಳಾದವೆಂದು 32 ಬಿಟ್ಟುಗಳಲ್ಲಿ ಎಣಿಸುತ್ತಿದ್ದವು. ಎರಡರ 32ನೆಯ ಘಾತವೆಂದರೆ 4,29,49,67,296. ಅದನ್ನು ಒಂದು ದಿನದ 8,64,00,000 ಮಿಲಿಸೆಕೆಂಡುಗಳಿಂದ ಭಾಗಿಸಿ ನೋಡಿ: 49.7 ದಿನ. ಅಷ್ಟು ದಿನ ಬಿಡದೆ ಓಡಿದರೆ ಎಣಿಕೆ ತುಂಬಿ ಸೊನ್ನೆಗೆ ಹೊರಳಿ ಗಣಕ ಸ್ತಬ್ಧವಾಗುವ ಸಂಭವವಿತ್ತು. ಈ ದೋಷ ಬೆಳಕಿಗೆ ಬಂದದ್ದು 1999ರಲ್ಲಿ. ನಾಲ್ಕು ವರ್ಷ ಏಕೆ ಬೇಕಾಯಿತು? ಆ ಗಣಕಗಳು ಬೇರೆ ಕಾರಣಕ್ಕೆ ಕೆಡದೆ 49 ದಿನ ಓಡಿದ್ದೇ ಅಪರೂಪ ಎಂದು ಬಲ್ಲವರು ನಗುತ್ತಾರೆ.

ಹಾಗಾದರೆ ಗಣಕ ತಾನು ಸ್ತಬ್ಧವಾಗಿರುವುದನ್ನು ತಾನೇ ತಿಳಿಯಲಾರದೆ? ಪೂರ್ತಿಯಾಗಿ ತಿಳಿಯಲಾರದು. ಯಾವುದೇ ಪ್ರೋಗ್ರಾಂ ಕೊನೆಗೊಳ್ಳುವುದೋ ಇಲ್ಲವೋ ಎಂದು ಎಲ್ಲ ಸಂದರ್ಭಗಳಿಗೂ ಮುಂಚಿತವಾಗಿ ಹೇಳಬಲ್ಲ ವಿಧಾನವೇ ಇರಲಾರದೆಂದು ಇಂಗ್ಲೆಂಡಿನ ಅಲನ್ ಟ್ಯೂರಿಂಗ್ 1936ರಲ್ಲಿ, ಇಂದಿನ ಗಣಕ ಹುಟ್ಟುವ ಮುನ್ನವೇ, ತರ್ಕದಿಂದ ತೋರಿಸಿದ್ದ. ವಿಂಡೋಸ್ 'ಪ್ರತಿಕ್ರಿಯಿಸುತ್ತಿಲ್ಲ' ಎಂದು ತೋರಿಸುವುದು ಒಂದು ಊಹೆ ಮಾತ್ರ. ಸುಮಾರು ಐದು ಸೆಕೆಂಡು ಕಾಲ ಒಂದು ಪ್ರೋಗ್ರಾಂ ತನಗೆ ಬಂದ ಸಂದೇಶಗಳನ್ನು ಎತ್ತಿಕೊಳ್ಳದಿದ್ದರೆ ಆ ಹಣೆಪಟ್ಟಿ ಬೀಳುತ್ತದೆ. ಅದು ದೊಡ್ಡ ಲೆಕ್ಕದಲ್ಲಿ ಮುಳುಗಿರಬಹುದು, ಆರನೆಯ ಸೆಕೆಂಡಿನಲ್ಲಿ ತಲೆ ಎತ್ತಬಹುದು. ಆದ್ದರಿಂದ ನಿರ್ಣಯ ಕೊನೆಗೂ ಕುರ್ಚಿಯ ಮೇಲೆ ಕುಳಿತವರದೇ.

ಆ ನಿರ್ಣಯಕ್ಕೆ ಕೆಲವು ಹಳೆಯ ಕುರುಹುಗಳಿವೆ. ಮೊದಲು ಒಂದೆರಡು ನಿಮಿಷ ಸುಮ್ಮನಿದ್ದು ನೋಡಬೇಕು. ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ಬಿಲ್ಲೆಯ ದೀಪವಿರುವ ಗಣಕದಲ್ಲಿ ಅದು ಮಿನುಗುತ್ತಿದ್ದರೆ ಒಳಗೆ ಏನೋ ನಡೆಯುತ್ತಿದೆ, ಮುಟ್ಟಬಾರದು. ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ನೋಡಬೇಕು. ಅದರ ದೀಪವನ್ನು ಹೊತ್ತಿಸುವುದು ಕೀಲಿಯಲ್ಲ, ಗಣಕ. ದೀಪ ಬದಲಾದರೆ ಗಣಕದ ಕಿವಿ ತೆರೆದಿದೆ, ಕೆಟ್ಟಿರುವುದು ಯಾವುದೋ ಒಂದು ಪ್ರೋಗ್ರಾಂ. ಮೂರು ಕೀಲಿಗಳಿಂದ ಅದನ್ನಷ್ಟೇ ಮುಚ್ಚಬಹುದು. ಬದಲಾಗದಿದ್ದರೆ ವಿದ್ಯುತ್ತಿನ ಗುಂಡಿಯನ್ನು ನಾಲ್ಕೈದು ಸೆಕೆಂಡು, ಕೆಲವು ಯಂತ್ರಗಳಲ್ಲಿ ಇನ್ನೂ ಸ್ವಲ್ಪ ಹೊತ್ತು, ಒತ್ತಿ ಹಿಡಿಯುವುದೇ ಉಳಿದ ದಾರಿ. ಅದು ಕೊನೆಯ ದಾರಿಯೇ ಆಗಿರಬೇಕು. ಬಿಲ್ಲೆಯ ಮೇಲೆ ಯಾವ ಕಡತ ಎಲ್ಲಿದೆಯೆಂಬ ಪಟ್ಟಿಯನ್ನು ಬರೆಯುತ್ತಿರುವಾಗ ವಿದ್ಯುತ್ತು ಹೋದರೆ, ಸರಕು ಇದ್ದೂ ವಿಳಾಸ ತಪ್ಪುತ್ತದೆ. ಡಾಸ್ ಕಾಲದಲ್ಲಿ ಹೀಗೆ ಅನಾಥವಾದ ತುಣುಕುಗಳನ್ನು ಪರೀಕ್ಷಾ ಪ್ರೋಗ್ರಾಂ ಒಟ್ಟುಗೂಡಿಸಿ, ಹೆಸರಿಲ್ಲದ್ದರಿಂದ ಬರೀ ಸಂಖ್ಯೆ ಕೊಟ್ಟು ಇಡುತ್ತಿತ್ತು. 1990ರ ದಶಕದಲ್ಲಿ ದಿನಕ್ಕೆರಡು ಸಲ ಕರೆಂಟು ಹೋಗುತ್ತಿದ್ದ ನಮ್ಮ ಊರುಗಳಲ್ಲಿ ಇಂಥ ತುಣುಕುಗಳಿಗೆ ಬರವಿರಲಿಲ್ಲ. ಮನೆಯ ಗಣಕದ ಪಕ್ಕದಲ್ಲಿ ಭಾರವಾದ ಯು.ಪಿ.ಎಸ್. ಪೆಟ್ಟಿಗೆಯೊಂದು ಇಲ್ಲಿ ಸಾಮಾನ್ಯ ದೃಶ್ಯವಾದದ್ದು ಅದಕ್ಕೇ.

ಪ್ರತಿದಿನವೂ ಸ್ತಬ್ಧವಾಗುವ ಗಣಕದ ರೋಗ ತಂತ್ರಾಂಶದಲ್ಲಿ ಇಲ್ಲದಿರಬಹುದು. ಧೂಳು ಕಟ್ಟಿದ ಫ್ಯಾನು ಪ್ರೊಸೆಸರನ್ನು ಬೇಯಿಸುತ್ತದೆ. ಸ್ಮರಣಕೋಶದ ಪಟ್ಟಿಯ ಲೋಹದ ಹಲ್ಲುಗಳು ಮಸಕಾಗಿ ಸಂಪರ್ಕ ತಪ್ಪುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಗಣಕ ಜೋಡಿಸುತ್ತಿದ್ದ ಹುಡುಗರು ಅದನ್ನು ತೆಗೆದು ಶಾಲೆಯ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುತ್ತಿದ್ದರು. ಜೆಡ್‌ಎಕ್ಸ್-81ರ ಅಲುಗಾಡುವ ಪೆಟ್ಟಿಗೆಯ ವಂಶದ್ದೇ ಈ ರೋಗ. 2000ದ ನಂತರದ ಕೆಲವು ವರ್ಷಗಳಲ್ಲಿ ಜಗತ್ತಿನ ಲಕ್ಷಾಂತರ ಮದರ್‌ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರುಗಳು ನೆತ್ತಿ ಉಬ್ಬಿ ಸೋರಿದವು. ಆಗ ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಾಗಲಿಲ್ಲ. ಪೆಟ್ಟಿಗೆ ಬಿಚ್ಚುವ ಉತ್ಸಾಹಿಗಳಿಗೆ ಎಚ್ಚರಿಕೆಯ ಮಾತು: ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಮೈಯ ಸ್ಥಿರವಿದ್ಯುತ್ತು ಇಳಿಯಲು ಕವಚದ ಲೋಹವನ್ನು ಮುಟ್ಟಿ. ವಿದ್ಯುತ್ ಪೂರೈಸುವ ಒಳಪೆಟ್ಟಿಗೆಯನ್ನೂ ಹಳೆಯ ಗಾಜಿನ ಕೊಳವೆಯ ಮಾನಿಟರನ್ನೂ ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೆಯೂ ಅವುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಮತ್ತು ಮ್ಯಾಕ್ ಓಎಸ್ ಟೆನ್ ಮನೆಯ ಗಣಕಗಳಿಗೆ ಕೊನೆಗೂ ಗಟ್ಟಿ ಬೇಲಿ ತಂದವು. ಒಂದು ಪ್ರೋಗ್ರಾಂ ಸತ್ತರೆ ಊರೆಲ್ಲ ಸಾಯುವ ಕಾಲ ಬಹುಮಟ್ಟಿಗೆ ಮುಗಿಯಿತು. ಬಹುಮಟ್ಟಿಗೆ ಎಂದೆ, ಪೂರ್ತಿ ಅಲ್ಲ. ಬೇಲಿಯೊಳಗೆ ಕಾವಲುಗಾರನಾಗಿ ಸೇರಿಸಿಕೊಂಡ ತಂತ್ರಾಂಶವೇ ಎಡವಿದರೆ? 2024ರ ಜುಲೈ 19ರ ಬೆಳಿಗ್ಗೆ, ನಮ್ಮ ಗಡಿಯಾರದಲ್ಲಿ 9 ಗಂಟೆ 39 ನಿಮಿಷಕ್ಕೆ, ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿ ದೋಷವಿದ್ದ ಕಡತವೊಂದನ್ನು ತನ್ನ ಗ್ರಾಹಕರ ಗಣಕಗಳಿಗೆ ಕಳಿಸಿತು. 78 ನಿಮಿಷಗಳಲ್ಲಿ ಹಿಂದೆಗೆದುಕೊಂಡಿತಾದರೂ ಅಷ್ಟರಲ್ಲಿ ಸುಮಾರು 85 ಲಕ್ಷ ಗಣಕಗಳು ನೀಲಿ ತೆರೆ ತೋರಿಸಿ ನಿಂತಿದ್ದವು. ಬೆಂಗಳೂರು ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಲು ಬೆಳೆಯಿತು. ಕೆಲವೆಡೆ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಇವು ಬಹುತೇಕ ಕಚೇರಿಗಳ ಯಂತ್ರಗಳು, ಮನೆಯವಲ್ಲ. ಆದರೆ ಮದ್ದು ಮಾತ್ರ ಮನೆಯದೇ. ಆಫ್ ಮಾಡಿ ಆನ್ ಮಾಡಿದರೆ ಗಣಕ ಆ ಕಡತವನ್ನೇ ಮತ್ತೆ ಓದಿ ಮತ್ತೆ ಬೀಳುತ್ತಿತ್ತು. ವಿಂಡೋಸ್ 95ರ ಕಾಲದಲ್ಲಿ ಎಫ್8 ಕೀಲಿ ಒತ್ತಿ ತಲುಪುತ್ತಿದ್ದ 'ಸೇಫ್ ಮೋಡ್' ಎಂಬ ಕನಿಷ್ಠ ಸ್ಥಿತಿಗೆ ಅದನ್ನು ತಂದು, ಆ ಒಂದು ಕಡತವನ್ನು ಅಳಿಸಿ, ಮರಳಿ ಆರಂಭಿಸಬೇಕಾಗಿತ್ತು. ಬಿದ್ದ ಗಣಕಗಳಲ್ಲಿ ಬಹಳಷ್ಟನ್ನು ದೂರದಿಂದ ಮುಟ್ಟುವಂತಿರಲಿಲ್ಲ. ತಂತ್ರಜ್ಞರು ಒಂದೊಂದು ಯಂತ್ರದ ಮುಂದೆಯೂ ಹೋಗಿ ಕುಳಿತರು. ಬಿಲ್ಲೆಗೆ ಬೀಗ ಹಾಕಿದ್ದ ಗಣಕಗಳಲ್ಲಿ 48 ಅಂಕೆಗಳ ಮರುಪ್ರವೇಶ ಸಂಖ್ಯೆಯನ್ನು ಒಂದೊಂದಾಗಿ ಓದಿ ಹೇಳುವವರೊಬ್ಬರು, ಕೀಲಿಮಣೆಯ ಮೇಲೆ ಒತ್ತುವವರೊಬ್ಬರು. ಕೆಲವು ಕಡೆ ಈ ಕೆಲಸ ದಿನಗಟ್ಟಲೆ ನಡೆಯಿತು.